ಗೋಣಿಚೀಲ ಹೊರಿಸಿ ಕುವೈಟಿಗೆ ಕಳಿಸುವ ಮಮ್ಮು

ಪುತ್ತೂರು ಬಸ್ ಸ್ಟ್ಯಾಂಡಿಗೆ ಬೆಳಕು ಇನ್ನೂ ಸರಿಯಾಗಿ ಬಿದ್ದಿಲ್ಲ. ಮಂಗಳೂರಿನ ಮೊದಲ ಬಸ್ಸಿನ ತಲೆಗೆ ಅಡಿಕೆ ಮೂಟೆ, ಬಾಳೆಗೊನೆ, ಕೋಳಿಬುಟ್ಟಿ ಏರುತ್ತಿವೆ. ಬಾಗಿಲ ಬಳಿ ನಿಂತು ‘ಮಂಗ್ಳೂರು, ಮಂಗ್ಳೂರು’ ಎಂದು ಗಂಟಲು ಹರಿಯುವಂತೆ ಕೂಗುತ್ತಿರುವ ಕುಳ್ಳ ಮನುಷ್ಯ ಮಮ್ಮು. ವಯಸ್ಸು ನಲವತ್ತರ ಮೇಲೆ. ಮೊಣಕಾಲಿಗೆ ಎತ್ತಿ ಕಟ್ಟಿದ ಲುಂಗಿ, ಸೊಂಟಕ್ಕೆ ಅಂಗೈ ಅಗಲದ ಹಸಿರು ಬೆಲ್ಟು, ತಲೆಗೆ ಸುತ್ತಿದ ಟವೆಲು. ಬಸ್ಸು ತುಂಬಿಸಿ ಕೊಟ್ಟರೆ ಕಂಡಕ್ಟರು ಕೈಗೆ ಎಂಟಾಣೆ ಹಾಕುತ್ತಾನೆ. ಆದರೆ ಊರು ಅವನನ್ನು ಗುರುತಿಸುವುದು ಬಸ್ಸಿನಿಂದಲ್ಲ. ಅರಬ್ಬೀ ದೇಶಕ್ಕೆ ಹೋಗುವವರಿಗೆ ಕಡಿಮೆ ದರದಲ್ಲಿ ವಿಮಾನದ ಸೀಟು ಹುಡುಕಿಕೊಡುವುದರಿಂದ ಅವನು ‘ಸೀಟು ಮಮ್ಮು’. ಕೆಲವು ತಾಯಂದಿರ ಬಾಯಲ್ಲಿ ‘ಮಕ್ಕಳಕಳ್ಳ ಮಮ್ಮು’.

ದರ್ಬೆಯ ಕಡೆಯಿಂದ ನಾಲ್ಕೈದು ಮಂದಿ ಗುಂಪಾಗಿ ಬರುತ್ತಾರೆ. ಮುಂದೆ ಕೋಡಿಂಬಾಳದ ಮೈಮೂನಮ್ಮ. ಹಿಂದೆ ಅವಳ ಒಬ್ಬನೇ ಮಗ ಅದ್ರಾಮ. ನಿನ್ನೆ ಹೊಳೆ ದಾಟಿ ಬಂದು ದರ್ಬೆಯ ನೆಂಟರಲ್ಲಿ ತಂಗಿದ್ದವರು. ಅದ್ರಾಮನ ತಲೆಯ ಮೇಲೆ ಹೊಸ ತಗಡಿನ ಪೆಟ್ಟಿಗೆ. ಅದರ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವನ ಹೆಸರು, ಕೆಳಗೆ ‘ಕುವೈಟ್’.

ಮಮ್ಮುವಿನ ಕೂಗು ಅರ್ಧಕ್ಕೆ ನಿಲ್ಲುತ್ತದೆ.

“ಇದೆಂತದು?”

“ಪೆಟ್ಟಿಗೆ,” ಅದ್ರಾಮ ಹೇಳುತ್ತಾನೆ.

“ಪೆಟ್ಟಿಗೆ ಅಂತ ನನಗೆ ಕಾಣುದಿಲ್ವಾ? ನಾನು ಹೇಳಿದ್ದು ಎಂತ? ಗೋಣಿ. ಅಡಿಕೆ ತುಂಬುವ ಗೋಣಿ. ಕುವೈಟ್ ಅಂತ ಬರೆಸಿದ್ದಿಯಲ್ಲ, ವಿಮಾನ ನಿನ್ನ ಅಪ್ಪ ಕಟ್ಟಿಸಿಟ್ಟಿದ್ದಾನಾ?”

“ಅವನ ಅಪ್ಪನ ಸುದ್ದಿ ತೆಗೀಬೇಡ,” ಮೈಮೂನಮ್ಮ ಮುಂದೆ ಬರುತ್ತಾಳೆ. “ಎರಡು ಸಲ ನಿನ್ನ ಮಾತು ಕೇಳಿ ನನ್ನ ಮಗನಿಗೆ ಗೋಣಿ ಹೊರಿಸಿ ಕಳ್ಳನ ಹಾಗೆ ಕಳಿಸಿದೆ. ಎರಡು ಸಲವೂ ವಾಪಸ್ ಬಂದ. ಗೋಣಿ ಹೊತ್ತವನಿಗೆ ಬರ್ಕತ್ ಎಲ್ಲಿಂದ ಬರ್ಬೇಕು? ಈ ಸಲ ಮರ್ಯಾದೆಯಲ್ಲಿ ಹೋಗ್ತಾನೆ.”

ಮಮ್ಮುವಿನ ದನಿ ಇದ್ದಕ್ಕಿದ್ದಂತೆ ಇಳಿಯುತ್ತದೆ. “ಮೈಮೂನಮ್ಮ, ಒಂದು ಕೇಳ್ತೇನೆ, ನಿಜ ಹೇಳಿ. ಪೊರುತ್ತ ಕೇಳಿ ಆಯ್ತಾ?”

ತಾಯಿ ಬಸ್ಸಿನ ಚಕ್ರ ನೋಡುತ್ತಾಳೆ. ಮಗನೇ ಬಾಯಿ ಬಿಡುತ್ತಾನೆ. “ಆಯ್ತು ಮಮ್ಮುಕಾಕ. ಇಡೀ ಕೋಡಿಂಬಾಳ. ಮೊನ್ನೆ ಆಡು ಕೊಯ್ದದ್ದು.”

ಮಮ್ಮು ತಲೆಯ ಟವೆಲು ಬಿಚ್ಚಿ ನೆಲಕ್ಕೆ ಬಡಿಯುತ್ತಾನೆ. “ಹಾಗಾದ್ರೆ ನಡೀರಿ ಮನೆಗೆ. ನಾನು ಕರ್ಕೊಂಡು ಹೋಗುದಿಲ್ಲ.”

ಪೊರುತ್ತ ಕೇಳುವುದೆಂದರೆ ದೂರ ದೇಶಕ್ಕೆ ಹೊರಟವನು ಊರಿನ ಮನೆಮನೆಗೆ ಹೋಗಿ, ‘ನನ್ನಿಂದ ತಪ್ಪಾಗಿದ್ದರೆ ಮನ್ನಿಸಿಬಿಡಿ’ ಎಂದು ಕೈ ಹಿಡಿದು ಬೀಳ್ಕೊಳ್ಳುವುದು. ಆಮೇಲೆ ಮನೆಯಲ್ಲಿ ಉಸ್ತಾದರ ಪ್ರಾರ್ಥನೆ, ತುಪ್ಪದನ್ನ, ಮಾಂಸದ ಊಟ, ಹೆಂಗಸರ ಅಳು. ಹಾಯಿಹಡಗಿನಲ್ಲಿ ಮಕ್ಕಾಕ್ಕೆ ಹೋದವರು ತಿರುಗಿ ಬರುವುದು ಖಾತ್ರಿಯಿಲ್ಲದಿದ್ದ ಕಾಲದ ಪದ್ಧತಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಹೀಗೆ ಬೀಳ್ಕೊಂಡವನು ಎಂಟು ದಿನದಲ್ಲಿ ತಿರುಗಿ ಬಂದರೆ ಏನು ಮಾಡಬೇಕೆಂದು ಆ ಪದ್ಧತಿಗೆ ಗೊತ್ತಿಲ್ಲ. ಅವನನ್ನು ಯಾರೂ ಬೈಯುವುದಿಲ್ಲ, ಬರೇ ನೋಡುತ್ತಾರೆ. ಆ ನೋಟ ಬೇಡವೆಂದು ಗಂಡಸರು ಬೊಂಬಾಯಿಯಲ್ಲೇ ಉಳಿದುಬಿಡುತ್ತಾರೆ. ಟಿಕೇಟಿನ ಮೋಸದಿಂದ ದುಡ್ಡು ಹೋಗುತ್ತದೆ, ಈ ನಾಚಿಕೆಯಿಂದ ಮನುಷ್ಯನೇ ಹೋಗುತ್ತಾನೆ.

ಮಮ್ಮುವಿಗೆ ಇದು ಕೇಳಿ ತಿಳಿದದ್ದಲ್ಲ. ಅವನ ತಂಗಿ ಝುಬೈದಾಳ ಗಂಡ ಇಬ್ರಾಹಿಂ ದರ್ಬೆಯಲ್ಲಿ ದರ್ಜಿಯಾಗಿದ್ದ. ಐದು ವರ್ಷದ ಹಿಂದೆ ದರ್ಬೆಯ ದಿನಸಿ ವರ್ತಕ ಪೊಡಿಯಬ್ಬ ಹಾಜಿಯವರು ತಮ್ಮ ಅಂಗಡಿಯ ಮೇಲೆ ವಿಮಾನದ ಚಿತ್ರವಿರುವ ಬೋರ್ಡು ಏರಿಸಿದರು. ಬೊಂಬಾಯಿಯಿಂದ ಕುವೈಟಿಗೆ ಹಾರುವ ಸಣ್ಣದೊಂದು ಕಂಪೆನಿ. ಇದ್ದದ್ದು ಎರಡು ವಿಮಾನ. ಅದರ ಇಂಗ್ಲಿಷ್ ಹೆಸರು ಇಲ್ಲಿ ಯಾರ ನಾಲಗೆಗೂ ಹತ್ತದೆ, ಬಾಲದ ಬಣ್ಣ ನೋಡಿ ಜನ ‘ನೀಲಿಬಾಲ’ ಎಂದು ಕರೆದರು. ದರ ದೊಡ್ಡ ಕಂಪೆನಿಯ ಅರ್ಧ. ಇಬ್ರಾಹಿಂ ಹೊಲಿಗೆ ಮಿಶನ್ ಮಾರಿ ಟಿಕೇಟು ಕೊಂಡ, ಪೊರುತ್ತ ಕೇಳಿದ, ಹೊರಟ. ಹಾಜಿಯವರ ಸಾಮಾನು ಹೊರುವ ಕೆಲಸದಲ್ಲಿದ್ದ ಮಮ್ಮು ಟಿಕೇಟು ಕೊಂಡವರ ಗುಂಪಿನ ಜೊತೆ ಬೊಂಬಾಯಿಗೆ ಹೋದ.

ಅಲ್ಲಿ ಕೌಂಟರಿನವನು ಇಂದು ಇಲ್ಲ, ನಾಳೆ ಎಂದ. ನಾಳೆ ಹೋದರೆ ಇಂಜಿನ್ ರಿಪೇರಿ ಎಂದ. ಮೂರನೆಯ ವಾರ, ನಿಮ್ಮ ಏಜೆಂಟರು ನಮಗೆ ಹಣವನ್ನೇ ಕಳಿಸಿಲ್ಲ ಎಂದ. ಹಾಜಿಯವರು ಕಳಿಸಿದ್ದೇನೆ ಎಂದರು. ಕೆಲವರು ಕೈಗಡಿಯಾರ ಮಾರಿ ಹಡಗಿನ ಡೆಕ್ಕು ಹತ್ತಿದರು, ಕೆಲವರು ತಲೆ ತಗ್ಗಿಸಿ ಊರಿಗೆ ಬಂದರು. ಇಬ್ರಾಹಿಂ ಎರಡನ್ನೂ ಮಾಡಲಿಲ್ಲ. ಬೊಂಬಾಯಿಯ ಮಸೀದಿ ಬಂದರಿನ ಹತ್ತಿರ ಊರಿನವರದೇ ಒಂದು ಹೋಟೆಲಿನಲ್ಲಿ ಪ್ಲೇಟು ತೊಳೆಯಲು ಸೇರಿದ. ಇಂದಿಗೂ ತೊಳೆಯುತ್ತಿದ್ದಾನೆ. ಮಮ್ಮು ಎದುರು ಬಾಗಿಲಿನಿಂದ ಒಳಗೆ ಹೋದರೆ ಅವನು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗುತ್ತಾನೆ.

“ನನ್ನ ಗಂಡ ಕುವೈಟಿಗೂ ಹೋಗ್ಲಿಲ್ಲ, ಮನೆಗೂ ಬರ್ಲಿಲ್ಲ,” ಎನ್ನುತ್ತಾಳೆ ಝುಬೈದಾ, ಬೀಡಿ ಕಟ್ಟುವ ಕೈ ನಿಲ್ಲಿಸದೆ. “ಸತ್ತಿದ್ರೆ ವಿಧವೆಯ ಹಾಗೆ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂತು ಮುಗಿಸ್ತಿದ್ದೆ. ಅದೂ ಇಲ್ಲ. ನಾಚಿಕೆ ಆಗ್ತದಂತೆ ಅವರಿಗೆ. ನನ್ನ ನಾಚಿಕೆ ಯಾರು ಕೇಳ್ತಾರೆ?”

ಹಾಜಿಯವರಲ್ಲಿ ಕೇಳಿದರೆ ಅವರಿಗೆ ಸಿಟ್ಟೂ ಬರುವುದಿಲ್ಲ. ಕೂರಿಸಿ ಚಹಾ ತರಿಸುತ್ತಾರೆ. “ಎಲ್ಲಾ ನಮ್ಮನ್ನು ಪಡೆದ ಅಲ್ಲಾಹನ ತೀರ್ಮಾನ ಮಾರಾಯ್ರೆ. ನಾನು ಟಿಕೇಟು ಮಾರುದು. ವಿಮಾನ ನಾನು ಹಾರಿಸುದಾ?” ಇದನ್ನು ಹೇಳುವಾಗ ಅವರು ಕೂತಿರುವುದು ಹೊಸದಾಗಿ ಎದ್ದ ಎರಡನೆಯ ಮಹಡಿಯಲ್ಲಿ. ಪಡೆದವನು ಆ ಮಹಡಿಯ ಬಗ್ಗೆ ಬೇರೆ ತೀರ್ಮಾನ ಮಾಡಿದಂತೆ ಕಾಣುತ್ತದೆ.

ಆ ವರ್ಷವೇ ಮಮ್ಮು ಹಾಜಿಯವರ ಕೆಲಸ ಬಿಟ್ಟ. ಬಸ್ ಸ್ಟ್ಯಾಂಡಿನಲ್ಲಿ ಕೂಗಲು ನಿಂತ, ಸೀಟಿನ ಕೆಲಸವನ್ನು ತನ್ನದೇ ರೀತಿಯಲ್ಲಿ ಶುರು ಮಾಡಿದ. ಕುವೈಟಿನ ಕೆಲಸದ ಪರವಾನಿಗೆ ಬಂದವನು ಗೊತ್ತುಪಡಿಸಿದ ದಿನದ ಒಳಗೆ ಅಲ್ಲಿರಬೇಕು. ಹಡಗಿನ ಡೆಕ್ಕಿಗೆ ತಿಂಗಳುಗಟ್ಟಲೆ ಕಾಯಬೇಕು. ದೊಡ್ಡ ಕಂಪೆನಿಯ ದರ ಮೊದಲೇ ಕೈಗೆಟುಕುತ್ತಿರಲಿಲ್ಲ. ಕಳೆದ ಜೂನಿನಲ್ಲಿ ದಿಲ್ಲಿಯವರು ರೂಪಾಯಿಯ ಬೆಲೆ ಇಳಿಸಿದ ಮೇಲೆ ಅದು ಕಣ್ಣಿಗೂ ಎಟುಕದಾಯಿತು. ಉಳಿದದ್ದು ನೀಲಿಬಾಲ ಒಂದೇ. ಅದು ಸೋಲುತ್ತಾ ಹೋದಂತೆ ಅದರ ದರವೂ ಇಳಿಯುತ್ತಾ ಹೋಯಿತು. ಬಡವನಿಗೆ ಸಿಗುವ ವಿಮಾನವೆಂದರೆ ಮುಳುಗುತ್ತಿರುವ ಕಂಪೆನಿಯ ವಿಮಾನ. ಅದನ್ನು ಅವನಿಗೆ ಯಾರೂ ಹೇಳುವುದಿಲ್ಲ.

“ಸಂಜೆಯ ಮೀನಿನ ಹಾಗೆ,” ಎನ್ನುತ್ತಾನೆ ಮಮ್ಮು. “ಬೆಳಿಗ್ಗೆ ಒಂದು ರೇಟು, ಸಂಜೆ ಅರ್ಧ ರೇಟು. ತಿನ್ಬಾರ್ದು ಅಂತಿಲ್ಲ. ಆದ್ರೆ ಕಿವಿರು ಎತ್ತಿ ನೋಡ್ಬೇಕು.”

ಅವನು ನೋಡುವ ಕಿವಿರು ಪೆಟ್ರೋಲು ಲಾರಿ. ಊರಿನಲ್ಲಿ ಟಿಕೇಟು ಕೊಳ್ಳುವುದಿಲ್ಲ. ಹೋಗುವವನ ಹಣವನ್ನು ತನ್ನ ಬೆಲ್ಟಿನಲ್ಲಿ ಕಟ್ಟಿಕೊಂಡು ಜೊತೆಗೇ ಬೊಂಬಾಯಿಗೆ ಹೋಗುತ್ತಾನೆ, ಸಾಂತಾಕ್ರೂಜಿನ ಬೇಲಿಯ ಹೊರಗೆ ಬೆಳಿಗ್ಗೆ ಬೆಳಿಗ್ಗೆ ಕೂರುತ್ತಾನೆ. ನೀಲಿಬಾಲಕ್ಕೆ ಸಾಲ ಕೊಡುವವರು ಯಾರೂ ಉಳಿದಿಲ್ಲ. ನಗದು ಎಣಿಸಿದರೆ ಮಾತ್ರ ಪೆಟ್ರೋಲು. ಲಾರಿ ವಿಮಾನದ ಹೊಟ್ಟೆಯ ಕೆಳಗೆ ನಿಂತು ಕೊಳವೆ ಹಚ್ಚಿದ್ದು ಕಂಡರೆ ಅಂದು ಹಾರುತ್ತದೆಂದು ಅರ್ಥ. ಆಗ ಕೌಂಟರಿಗೆ ಓಡಬೇಕು. ಖಾಲಿ ಉಳಿದ ಸೀಟುಗಳನ್ನು ಅವರು ಸಿಕ್ಕಿದ ದರಕ್ಕೆ ಬಿಡುತ್ತಾರೆ. ಲಾರಿ ಬಾರದಿದ್ದರೆ ಗಂಟು ಬಿಚ್ಚುವುದಿಲ್ಲ. ನಾಲ್ಕೈದು ಬೆಳಗು ನೋಡುವುದು, ಆಗದಿದ್ದರೆ ಊರಿಗೆ ತಿರುಗುವುದು, ಮತ್ತೆ ಹೋಗುವುದು.

ಈ ಕೆಲಸಕ್ಕೆ ತಿರುಗಿ ಬರಬಲ್ಲ ಮನುಷ್ಯ ಬೇಕು. ಗೋಣಿಚೀಲ ಅದಕ್ಕಾಗಿ. “ಗೋಣಿ ಹೊತ್ತವನು ಯಾವಾಗ ಬೇಕಾದ್ರೂ ಊರಿಗೆ ಬರ್ಬಹುದು. ಅಡಿಕೆ ಮಾರ್ಲಿಕ್ಕೆ ಹೋಗಿದ್ದೆ, ರೇಟು ಬಿದ್ದಿತ್ತು ಅಂದ್ರೆ ಮುಗೀತು,” ಎನ್ನುತ್ತಾನೆ. ಸಂಪಾಜೆ ಘಾಟಿಯಲ್ಲಿ ಲಾರಿ ಓಡಿಸುತ್ತಿದ್ದ ಸುಳ್ಯದ ಗೌಡರ ಹುಡುಗ ಜತ್ತಪ್ಪನಿಗೆ ಗೋಣಿಯೂ ಬೇಕಾಗಲಿಲ್ಲ. ಮೊದಲ ಸಲ ಸೀಟು ಸಿಗದೆ ಬಂದವನು ಮರುದಿನವೇ ಹಲ್ಲು ಕಿರಿಯುತ್ತಾ ತನ್ನ ಘಾಟಿಯ ಲಾರಿ ಹತ್ತಿದ, ಎರಡನೆಯ ಸಲ ಹಾರಿದ. ಪೊರುತ್ತದ ಕಟ್ಟು ಬಿದ್ದಿರುವುದು ಮಮ್ಮುವಿನ ಜನಕ್ಕೆ, ಕರಾವಳಿಯ ಬ್ಯಾರಿ ಮುಸ್ಲಿಮರಿಗೆ.

ಇಲ್ಲಿಯವರೆಗೆ ಅರವತ್ತರಷ್ಟು ಜನರನ್ನು ಕರೆದೊಯ್ದಿದ್ದಾನೆ. ನಲವತ್ತಕ್ಕೂ ಹೆಚ್ಚು ಮಂದಿ ದಾಟಿದ್ದಾರೆ, ಉಳಿದವರು ಮನೆಗೆ ಬಂದಿದ್ದಾರೆ. ದಾಟಿದವನು ಇಪ್ಪತ್ತೈದು ರೂಪಾಯಿ ಕೊಡುತ್ತಾನೆ. ದಾಟದವನು ಏನೂ ಕೊಡುವುದಿಲ್ಲ, ಮಮ್ಮುವಿನ ದಾರಿಖರ್ಚು ಮಮ್ಮುವಿನ ಮೈಮೇಲೆಯೇ. ಮೇಲಿನಿಂದ ಬೈಗುಳ. ದುಆ, ಪ್ರಾರ್ಥನೆ ಇಲ್ಲದೆ ಮಕ್ಕಳನ್ನು ಸಾಗಿಸುತ್ತಾನೆಂದು ಮಸೀದಿ ಕಮಿಟಿಗೆ ದೂರು ಹೋಗಿತ್ತು. ಕರೆಸಿ ಕೇಳಿದರು. “ದುಆ ಬೇಡ ಅಂತ ನಾನು ಹೇಳುದಾ? ವಿಮಾನ ಹಾರಿದ ಮೇಲೆ ಮಾಡಿ. ಅಲ್ಲಾಹನಿಗೆ ಅಷ್ಟು ದೂರ ಕೇಳುದಿಲ್ವಾ?” ಎಂದ. ಉಸ್ತಾದರು ನಕ್ಕರು. ಕಮಿಟಿಯವರು ನಗಲಿಲ್ಲ. ಕಮಿಟಿಯ ಮುಂದಿನ ಸಾಲಿನ ಕುರ್ಚಿಯಲ್ಲಿ ಪೊಡಿಯಬ್ಬ ಹಾಜಿಯವರೂ ಇದ್ದರು.

ಇದೆಲ್ಲ ಹಿನ್ನೆಲೆ. ಬಸ್ ಸ್ಟ್ಯಾಂಡಿನಲ್ಲಿ ಈಗ ಟವೆಲು ನೆಲದ ಮೇಲೆ ಬಿದ್ದಿದೆ. ಮೈಮೂನಮ್ಮನ ಕಿವಿಯಂಚಿನ ಸಾಲು ತೂತುಗಳಲ್ಲಿ ಅಲಿಕತ್ ಎಂಬ ಬೆಳ್ಳಿ ಬಂಗಾರದ ಕಿವಿಬಳೆಗಳಿಲ್ಲ, ತೂತು ಮುಚ್ಚದಿರಲೆಂದು ತೆಂಗಿನ ಗರಿಯ ಕಡ್ಡಿಗಳಿವೆ. ಬಳೆಗಳು ಅಡವಾಗಿ ಅಕ್ಕಸಾಲಿಗನ ಪೆಟ್ಟಿಗೆಯಲ್ಲಿವೆ, ಅದರ ಹಣ ಅದ್ರಾಮನ ಕೈಯಲ್ಲಿ. ಅವನ ಪರವಾನಿಗೆ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಇನ್ನೊಂದು ಸಲ ಎಂಬುದಿಲ್ಲ.

“ಬ್ಯಾರಿಗಳೆ, ಉಳಿದ ಜಗಳ ಬಂಟ್ವಾಳದಲ್ಲಿ ಮಾಡುವ. ಬಸ್ಸು ಬಿಡ್ಲಿಕ್ಕಾಯ್ತು,” ಎಂದು ಕಂಡಕ್ಟರ್ ದೇರಣ್ಣ ಸೀಟಿ ಊದುತ್ತಾನೆ.

ಮಮ್ಮು ಮೈಮೂನಮ್ಮನ ಎದುರು ಬಂದು ನಿಲ್ಲುತ್ತಾನೆ. “ಒಂದು ಮಾತು ಹೇಳಿ, ಕರ್ಕೊಂಡು ಹೋಗ್ತೇನೆ. ಸೀಟು ಸಿಗದಿದ್ರೆ ಇದೇ ಪೆಟ್ಟಿಗೆ ಹೊತ್ತು ಹಗಲು ಹೊತ್ತಿನಲ್ಲಿ ಮನೆಗೆ ಬಾ ಅಂತ ನಿಮ್ಮ ಮಗನಿಗೆ ಹೇಳಿ. ಎಲ್ಲರ ಎದುರು.”

“ಹೊರಟವನಿಗೆ ವಾಪಸ್ ಬಾ ಅಂತ ಹೇಳುದಾ? ನಿನ್ನ ಬಾಯಿಗೆ ಹುಳ ಬೀಳ್ಲಿ!”

“ಬೀಳ್ಲಿ. ಹೇಳಿ. ಇಲ್ಲದಿದ್ರೆ ಪೆಟ್ಟಿಗೆ ಇಳ್ಸಿ.”

ಬಸ್ಸಿನೊಳಗಿನ ತಲೆಗಳು ಕಿಟಕಿಗೆ ಬರುತ್ತವೆ. ಮೈಮೂನಮ್ಮ ಮಗನ ಕಡೆ ತಿರುಗುತ್ತಾಳೆ. ಆಮೇಲೆ ಅವಳು ಮೊದಲ ಬಸ್ಸಿಗೂ ಎರಡನೆಯ ಬಸ್ಸಿಗೂ ಕೇಳುವ ಹಾಗೆ ಕಿರುಚುತ್ತಾಳೆ: “ಸಿಗದಿದ್ರೆ ಬಾ! ಪೆಟ್ಟಿಗೆ ಹೊತ್ಕೊಂಡೇ ಬಾ! ಕೇಳಿತಾ ಮಮ್ಮು, ನಿನ್ನ ಹೊಟ್ಟೆ ತಂಪಾಯ್ತಾ?”

ಹೊಟ್ಟೆ ತಂಪಾಗುವುದಿಲ್ಲ. ಹಣದ ಗಂಟು ಅದ್ರಾಮನ ಕೈಯಿಂದ ಮಮ್ಮುವಿನ ಬೆಲ್ಟಿಗೆ ಸೇರುತ್ತದೆ. ಮಂಗಳೂರು, ಹುಬ್ಬಳ್ಳಿ, ರೈಲು, ಸಾಂತಾಕ್ರೂಜು. ಮೊದಲ ಬೆಳಗು ಲಾರಿ ಬರುವುದಿಲ್ಲ. ಎರಡನೆಯ ಬೆಳಗೂ ಇಲ್ಲ. ಕೌಂಟರಿನಲ್ಲಿ ಟೈ ಕಟ್ಟಿದವನು ದರ ಇಳಿಸುತ್ತಾನೆ. ಮೂರನೆಯ ದಿನ ಇನ್ನೂ ಇಳಿಸಿ, ನಾಳೆ ಖಂಡಿತ, ಇವತ್ತು ಕೊಟ್ಟವರಿಗೆ ಮಾತ್ರ ಎನ್ನುತ್ತಾನೆ. ಜನ ಮುಗಿಬೀಳುತ್ತಾರೆ. ಪೊಡಿಯಬ್ಬ ಹಾಜಿಯವರಿಂದ ಪೂರ್ತಿ ಟಿಕೇಟು ಕೊಂಡು ಬಂದ ಏಳು ಮಂದಿ ವಿಟ್ಲ, ಉಪ್ಪಿನಂಗಡಿಯವರು ಅಲ್ಲೇ ಗೋಡೆಗೆ ಒರಗಿ ಕೂತಿದ್ದಾರೆ. ನಾಳೆ ಎಂಬ ಮಾತು ಕೇಳಿ ಕೇಳಿ ಅವರ ಮುಖ ಸತ್ತುಹೋಗಿದೆ.

“ಕೊಡಿ ಮಮ್ಮುಕಾಕ,” ಅದ್ರಾಮ ಬೇಡುತ್ತಾನೆ. “ಇಷ್ಟು ಕಮ್ಮಿಗೆ ಇನ್ನು ಸಿಗುದಿಲ್ಲ.”

“ಲಾರಿ ಎಲ್ಲುಂಟು? ತೋರ್ಸು.”

“ನಾಳೆ ಬರ್ತದಂತೆ.”

“ನಾಳೆ ಬಂದ್ರೆ ನಾಳೆ ಕೊಡುವ.”

“ನನ್ನ ಉಮ್ಮನ ಕಿವಿಯ ದುಡ್ಡು ಅದು. ನಿಮ್ಮ ಅಪ್ಪನದ್ದಲ್ಲ!” ಎಂದವನೇ ಅದ್ರಾಮ ಮಮ್ಮುವಿನ ಬೆಲ್ಟಿಗೆ ಕೈ ಹಾಕುತ್ತಾನೆ. ಮಮ್ಮು ಕೆನ್ನೆಗೆ ಬಾರಿಸುತ್ತಾನೆ. ಸುತ್ತ ನಿಂತವರು ಕಳ್ಳನೋ ಎಂದು ನೋಡುತ್ತಾರೆ. ಪರವಾನಿಗೆಗೆ ಉಳಿದಿರುವುದು ಎರಡೇ ದಿನ. ತಾನು ತಪ್ಪಿದ್ದರೆ ಈ ಹುಡುಗನ ಬಾಳು ತನ್ನ ಹಟಕ್ಕೆ ಹೋಯಿತೆಂದು ಮಮ್ಮುವಿಗೂ ಗೊತ್ತು.

ನಾಲ್ಕನೆಯ ಬೆಳಗು ಕೌಂಟರಿಗೆ ಬೀಗ. ಟೈ ಕಟ್ಟಿದವನ ಕುರ್ಚಿ ಮೇಜಿನ ಮೇಲೆ ಕಾಲು ಮೇಲಾಗಿ ಮಲಗಿದೆ. ಬೇಲಿಯಾಚೆ ನೀಲಿಬಾಲ ಬಿಸಿಲಲ್ಲಿ ನಿಂತಿದೆ, ಚಕ್ರದ ಹತ್ತಿರ ಕಾವಲಿನವನು. ಪೆಟ್ರೋಲಿನ ಬಾಕಿಗೆ ವಿಮಾನವನ್ನೇ ಹಿಡಿದಿಟ್ಟಿದ್ದಾರೆಂದು ಸುದ್ದಿ. ನಿನ್ನೆ ಸಂಜೆಯವರೆಗೆ ಹಣ ತೆಗೆದುಕೊಂಡವರಿಗೆ ಈ ಬೀಗದ ವಿಷಯ ಗೊತ್ತಿರಲಿಲ್ಲವೆಂದು ನಂಬಲು ಮಗುವೂ ಒಪ್ಪಲಾರದು. ಪೊಲೀಸರು ಬಂದರು, ಅಳುತ್ತಿದ್ದವರನ್ನು ಚದುರಿಸಿದರು. ಹಣ ತಿಂದವರ ಬಾಗಿಲು ತಟ್ಟಲು ಯಾರೂ ಹೋದದ್ದು ಕಾಣಲಿಲ್ಲ.

ಅದ್ರಾಮ ಪೆಟ್ಟಿಗೆಯ ಮೇಲೆ ಕೂತುಬಿಡುತ್ತಾನೆ. ಹಣ ಉಳಿಯಿತೆಂಬ ಸಮಾಧಾನ ಅವನಿಗಿಲ್ಲ. “ನಾನು ಊರಿಗೆ ಬರುದಿಲ್ಲ. ಇಬ್ರಾಹಿಂಕಾಕನ ಹೋಟೆಲಿಗೆ ಹೋಗ್ತೇನೆ. ಪ್ಲೇಟು ತೊಳೀತೇನೆ.”

ಮಮ್ಮು ಅವನ ಎದುರು ಕುಕ್ಕರಗಾಲಿನಲ್ಲಿ ಕೂರುತ್ತಾನೆ. “ಉಮ್ಮ ಎಂತ ಹೇಳಿದ್ದು?”

ಅದ್ರಾಮ ಕೌಂಟರಿನ ಬೀಗದ ಕಡೆ ಮುಖ ತಿರುಗಿಸುತ್ತಾನೆ.

“ಇಡೀ ಪುತ್ತೂರು ಕೇಳಿದೆ. ನಿನಗೊಬ್ಬನಿಗೆ ಕೇಳ್ಲಿಲ್ವಾ? ಹೇಳು.”

“ಪೆಟ್ಟಿಗೆ ಹೊತ್ಕೊಂಡೇ ಬಾ ಅಂತ.”

“ಹಾಗಾದ್ರೆ ಹೊತ್ಕೋ.”

ಕತ್ತಲಾದ ಮೇಲೆ ಊರು ಸೇರುವ ಎಂದು ಅದ್ರಾಮ ಕೊನೆಯವರೆಗೂ ಕೇಳಿಕೊಳ್ಳುತ್ತಾನೆ. ಮಮ್ಮು ಕೇಳುವುದಿಲ್ಲ. ನಟ್ಟನಡು ಮಧ್ಯಾಹ್ನ ಕುಮಾರಧಾರೆಯ ದೋಣಿ ಇಳಿಸಿ, ಕೋಡಿಂಬಾಳದ ದಾರಿಯಲ್ಲಿ ಅವನನ್ನು ಮುಂದೆ ನಡೆಸುತ್ತಾನೆ. ತಲೆಯ ಮೇಲೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಕುವೈಟ್. ಚಹಾದಂಗಡಿಯ ಬೆಂಚಿನಲ್ಲಿ ಕೂತವನೊಬ್ಬ ಗಾಜಿನ ಲೋಟ ಕೆಳಗಿಡುತ್ತಾನೆ.

“ಎಂತ ಅದ್ರಾಮ, ಕುವೈಟ್ ಇಷ್ಟು ಹತ್ತಿರ ಉಂಟಾ ಮಾರಾಯ?”

ಅದ್ರಾಮನ ಕಾಲು ನಿಲ್ಲುತ್ತದೆ. ಉತ್ತರ ಬರುವುದು ಮೇಲಿನ ಅಂಗಳದಿಂದ. ಮೈಮೂನಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಿದ್ದಾಳೆ.

“ಹೌದು, ಹತ್ತಿರವೇ! ನೀನು ಮೊನ್ನೆ ಮೂರು ಸಲ ಬಡಿಸಿಕೊಂಡು ತಿಂದೆಯಲ್ಲ, ಆ ಆಡು ನಡ್ಕೊಂಡು ಹೋಗುವಷ್ಟೇ ದೂರ. ಬಾ, ಎಲುಬು ವಾಪಸ್ ಕೊಟ್ಟು ಹೋಗು!”

ಬೆಂಚಿನ ಮೇಲೆ ಎಲ್ಲರೂ ನಗುತ್ತಾರೆ, ಕೇಳಿದವನೊಬ್ಬನನ್ನು ಬಿಟ್ಟು. ಅದ್ರಾಮ ಅಂಗಳ ಹತ್ತುತ್ತಾನೆ. ಮಮ್ಮು ಬೆಲ್ಟು ಬಿಚ್ಚಿ ಗಂಟನ್ನು ಹಾಗೆಯೇ ಮೈಮೂನಮ್ಮನ ಕೈಗೆ ಇಡುತ್ತಾನೆ. ಅವಳು ಉಪಕಾರ ಎನ್ನುವುದಿಲ್ಲ. “ಮೂರು ಸಲ ಹೋಗಿ ಒಂದು ಸೀಟು ತರ್ಲಿಕ್ಕಾಗದವನು,” ಎಂದು ಬೈದು, ಮಗನ ಪಕ್ಕದಲ್ಲೇ ಅವನಿಗೂ ಬಟ್ಟಲಿಡುತ್ತಾಳೆ. ಪರವಾನಿಗೆ ಸತ್ತುಹೋಗಿದೆ. ಅದ್ರಾಮ ಈಗ ಕಡಬದ ಪೇಟೆಯಲ್ಲಿ ಮೂಟೆ ಹೊರುತ್ತಾನೆ. ಅವನ ಉಮ್ಮನ ಕಿವಿಗೆ ಬಳೆಗಳು ಬಂದಿವೆ.

ಹಾಜಿಯವರ ಏಳು ಮಂದಿಯಲ್ಲಿ ನಾಲ್ವರು ಬಂದಿದ್ದಾರೆ. ಮೂವರು ಬಂದಿಲ್ಲ. ಆ ಮೂವರ ಮನೆಯಲ್ಲಿ ಪೊರುತ್ತದ ಊಟ ಜೋರಾಗಿ ನಡೆದಿತ್ತೆಂದು ಹೇಳುತ್ತಾರೆ. ದರ್ಬೆಯ ಅಂಗಡಿಯ ಮೇಲೆ ನೀಲಿ ಬಾಲದ ಚಿತ್ರ ಅಳಿಸಿ ಹೋಗಿದೆ, ಅದೇ ಜಾಗದಲ್ಲಿ ಕೆಂಪು ಬಾಲದ್ದು ಬರೆಯಲು ಪೇಂಟರು ಏಣಿ ಇಟ್ಟಿದ್ದಾನೆ. ಹೊಸ ಕಂಪೆನಿ. ದರ ಅರ್ಧ.

ನಿನ್ನ ವಿಷಯ ನಮ್ಮ ಪೇಪರಿನಲ್ಲಿ ಬರುತ್ತದೆಂದರೆ ಮಮ್ಮು ಮುಖ ಸಿಂಡರಿಸುತ್ತಾನೆ. ಮೊದಲ ಬಸ್ಸು ಇನ್ನೂ ಅರ್ಧ ಖಾಲಿ. ಎರಡು ಸಲ ಮಂಗ್ಳೂರು ಎಂದು ಕೂಗಿ ಹತ್ತಿರ ಬರುತ್ತಾನೆ.

“ನನ್ನ ವಿಷಯ ಎಂತ ಬರೀಲಿಕ್ಕುಂಟು? ಬರೆಯುದಾದ್ರೆ ಒಂದು ಬರೀರಿ. ಬೊಂಬಾಯಿಯಲ್ಲಿ ಮಸೀದಿ ಬಂದರಿನ ಹತ್ತಿರ ನಮ್ಮ ಊರಿನವರ ಹೋಟೆಲುಂಟು, ಅಲ್ಲಿಗೆ ನಿಮ್ಮ ಪೇಪರು ಹೋಗ್ತದೆ. ಕೋಡಿಂಬಾಳದ ಅದ್ರಾಮ ಪೊರುತ್ತ ಕೇಳಿ ಹೋದವನು, ಪೆಟ್ಟಿಗೆ ಹೊತ್ಕೊಂಡು ಹಗಲಲ್ಲೇ ವಾಪಸ್ ಬಂದ, ಆಕಾಶ ಬೀಳ್ಲಿಲ್ಲ ಅಂತ ಹಾಕಿ. ಸ್ವಲ್ಪ ದೊಡ್ಡ ಅಕ್ಷರದಲ್ಲಿ ಹಾಕಿ. ಹಿತ್ತಿಲಲ್ಲಿ ಪ್ಲೇಟು ತೊಳೆಯುವ ಜಾಗದಲ್ಲಿ ಬೆಳಕು ಕಮ್ಮಿ. ಇಬ್ರಾಹಿಮಿಗೆ ಓದ್ಲಿಕ್ಕೆ ಬರ್ತದೆ.”